ನೆಗ್ಗಿದ ಬಟ್ಟಲು

ನಾಲ್ಕಕ್ಕೆ ಎದ್ದ ಕೂಡಲೇ ಮನೂಕದ ಪಾತ್ರೆ ಒಲೆಯ ಮೇಲೇರಬೇಕು. ರೋಜಾ ಓಣಿಯ ಜಹಾಂಗೀರನ ಅಂಗಡಿಯಿಂದ ತಂದ ಕರಿ ಮನೂಕವನ್ನು, ಅಂದರೆ ಒಣದ್ರಾಕ್ಷಿಯನ್ನು, ಹಿಂದಿನ ದಿನ ಮಧ್ಯಾಹ್ನವೇ ತೊಟ್ಟು ಕಿತ್ತು, ಮೂರು ನೀರಿನಲ್ಲಿ ತೊಳೆದು, ನೆನೆಹಾಕಿ ಆಗಿರುತ್ತದೆ. ಅದು ಕುದಿ ಹಿಡಿಯುವುದರೊಳಗೆ ನಲ್ಲಿಯಲ್ಲಿ ನೀರು ಬಂತೇ ನೋಡಿ ಡ್ರಮ್ಮು ತುಂಬಬೇಕು. ಇನ್ನೊಂದು ಒಲೆಯ ಮೇಲೆ ಬಟ್ಟಲು ಜಾಲಾಡುವ ನೀರು ಕಾಯಿಸಿ ಆರಲು ಬಿಡಬೇಕು, ಯಾಕೆಂದರೆ ಚರ್ಚಿನ ಬೋರಿನ ನೀರು ಸ್ಟೀಲಿನ ಮೇಲೆ ಬಿಳಿ ಕಲೆ ಉಳಿಸುತ್ತದೆ. ಬೆಂದ ಮನೂಕವನ್ನು ಹಿಸುಕಿ, ಹಳೆಯ ಧೋತರದ ತುಂಡಿನಲ್ಲಿ ಸೋಸಿ, ಮತ್ತೆ ಕುದಿಸಿ, ಮತ್ತೆ ಸೋಸಬೇಕು. ಮೈದಾಹಿಟ್ಟಿನ ಎರಡು ರೊಟ್ಟಿ, ಹುಳಿ ಇಲ್ಲದ್ದು, ಸುಡದ ಹಾಗೆ ಬೇಯಿಸಬೇಕು. ಅದೇ ಹಂಚಿನ ಮೇಲೆ ಮನೆಯವರಿಗೆ ಜೋಳದ ರೊಟ್ಟಿ ಬಡಿಯಬೇಕು. ವೇದಿಯ ಮೇಲೆ ಹಾಸುವ ಬಿಳಿ ಬಟ್ಟೆಗೆ ಇಸ್ತ್ರಿ, ಗಂಡನ ಬಿಳಿ ಅಂಗಿಗೆ ಇಸ್ತ್ರಿ, ಬಿಳಿ ಪ್ಯಾಂಟಿಗೆ ಇಸ್ತ್ರಿ. ಅರವತ್ತು ಬಟ್ಟಲುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ ಒರೆಸಬೇಕು. ಎರಡು ಕ್ಯಾನು, ಒಂದರಲ್ಲಿ ರಸ, ಒಂದರಲ್ಲಿ ಆರಿದ ನೀರು. ರಸದ ಕ್ಯಾನಿನ ಬಾಯಿಗೆ ಬಿಳಿ ಬಟ್ಟೆ ಕಟ್ಟಬೇಕು.

ಇಷ್ಟಾಗುವ ಹೊತ್ತಿಗೆ ರೋಜಾದ ಕಡೆಯಿಂದ ಅಜಾನ್ ಮುಗಿದು, ಶರಣಬಸವೇಶ್ವರ ಗುಡಿಯ ಕಡೆಯಿಂದ ಗಂಟೆಯ ಸದ್ದು ಶುರುವಾಗಿರುತ್ತದೆ. ಆಗ ಗಂಡ ಸುಧಾಕರ ಏಳುತ್ತಾನೆ. ಎದ್ದು ಅವನು ಮಾಡುವ ಮೊದಲ ಕೆಲಸ, "ಆಯ್ತೇನ?" ಎಂದು ಕೇಳುವುದು.

ಪುತಳಾಬಾಯಿ ಪ್ರತಿ ತಿಂಗಳ ಮೊದಲ ಭಾನುವಾರ ಇಪ್ಪತ್ತೆರಡು ವರ್ಷಗಳಿಂದ ಹೀಗೆ ಕರ್ತನ ಭೋಜನಕ್ಕೆ ದ್ರಾಕ್ಷಾರಸ ಮಾಡುತ್ತಿದ್ದಳು. ಅವರ ಸಭೆಯಲ್ಲಿ ಹುಳಿ ಬಂದ ರಸ, ಎಂದರೆ ಅಮಲಿನ ವೈನು, ನಡೆಯುವುದಿಲ್ಲ. ಕುದಿಸಿದ ರಸವೇ ಆಗಬೇಕು. ಕುದಿಸುವ ಕ್ರಮವನ್ನು ಅವಳು ಕಮಲಾಪುರದ ತನ್ನ ತವರಿನಲ್ಲಿ ಅವ್ವನಿಂದ ಕಲಿತಿದ್ದಳು. ಹತ್ತೊಂಬತ್ತಕ್ಕೆ ಮದುವೆಯಾಗಿ ಕಲಬುರಗಿಗೆ ಬಂದಳು. ಒಂದು ಶಾಲೆಯಲ್ಲಿ ಆಯಾ ಆಗಿ ಮೂವತ್ತು ವರ್ಷ ಮಂದಿಯ ಮಕ್ಕಳ ಮೂಗು ಒರೆಸಿ ನಿವೃತ್ತಳಾದಳು. ಸುಧಾಕರ ಲೈನ್‌ಮನ್ ಆಗಿದ್ದು ನಿವೃತ್ತನಾದವನು, ಈಗ ಸಭೆಯ ಸ್ಟೀವರ್ಡ್, ಅಂದರೆ ಹಿರಿಯ ಉಸ್ತುವಾರಿ. ನಿವೃತ್ತಿ ಎಂಬುದು ಇಬ್ಬರಿಗೂ ಆಗಿತ್ತು, ಆದರೆ ಒಬ್ಬನೇ ಕುರ್ಚಿಯಲ್ಲಿ ಕೂತಿದ್ದ.

ರಸದ ಕೆಲಸದಲ್ಲಿ ಸುಧಾಕರನ ಪಾಲೂ ಇತ್ತು. ಚರ್ಚಿನ ಬಾಗಿಲಿನಿಂದ ವೇದಿಯ ಹಿಂದಿನ ಕೋಣೆಯವರೆಗೆ, ಇಪ್ಪತ್ತೈದು ಹೆಜ್ಜೆ, ಕ್ಯಾನನ್ನು ಅವನು ಹೊರುತ್ತಿದ್ದ. ಆ ಇಪ್ಪತ್ತೈದು ಹೆಜ್ಜೆಯನ್ನು ಎಲ್ಲರೂ ನೋಡುತ್ತಿದ್ದರು. ಹಾಗಾಗಿ ಇಡೀ ಸಭೆಯಲ್ಲಿ ಅದಕ್ಕೆ "ಸುಧಾಕರಣ್ಣನ ರಸ" ಎಂದೇ ಹೆಸರು.

ಸಭೆಯಲ್ಲಿ ನೂರೆಪ್ಪತ್ತು ಮಂದಿ, ಬಟ್ಟಲು ಅರವತ್ತು. ಹೀಗಾಗಿ ಮದುವೆ ಊಟದ ಹಾಗೆ ಮೂರು ಪಂಕ್ತಿ ಆಗುತ್ತಿತ್ತು. ಮೊದಲ ಪಂಕ್ತಿಗೆ ಕಮಿಟಿಯವರು ಮತ್ತು ಅವರ ಮನೆಯವರು. ಎರಡನೆಯದಕ್ಕೆ ಉಳಿದ ಗಂಡಸರು, ಹೊಸ ಬಟ್ಟೆಯವರು. ಮೂರನೆಯದಕ್ಕೆ ಮನೆಯ ಅಡುಗೆ ಮುಗಿಸಿ, ಮಕ್ಕಳ ತಲೆ ಬಾಚಿ, ಅತ್ತೆಗೆ ಗುಳಿಗೆ ಕೊಟ್ಟು ತಡವಾಗಿ ಬಂದು ಹಿಂದಿನ ಬಾಗಿಲ ಹತ್ತಿರ ಕೂರುವ ಹೆಂಗಸರು. ಒಂದೊಂದು ಪಂಕ್ತಿ ಮುಗಿದಾಗಲೂ ಬಟ್ಟಲು ಹಿಂದಿನ ಕೋಣೆಗೆ ಬರಬೇಕು, ತೊಳೆದು ಒರೆಸಿ ತುಂಬಿ ಮತ್ತೆ ಹೋಗಬೇಕು. ಇನ್ನೂ ನೂರು ಬಟ್ಟಲು ತರಬೇಕು ಎಂಬ ಮಾತು ಪ್ರತಿ ವರ್ಷದ ಸಭೆಯಲ್ಲಿ ಬರುತ್ತಿತ್ತು. "ತೊಳಿಯೋದು ನಡದದಲ್ಲ" ಎಂದು ಯಾರೋ ಒಬ್ಬರು ಅನ್ನುತ್ತಿದ್ದರು. ನಡೆಯುತ್ತಿತ್ತು, ಹೌದು. ನಡೆಸುವವಳು ಆ ಸಭೆಯಲ್ಲಿ ಚಹಾ ಸೋಸುತ್ತಿದ್ದಳು.

ಇದರಿಂದ ಆದದ್ದೇನೆಂದರೆ, ಪುತಳಾಬಾಯಿ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ವೇದಿಯ ಮುಂದಿನ ಕಟಕಟೆಗೆ ಹೋಗಿ ಮಂಡಿಯೂರಿ ಬಟ್ಟಲು ತೆಗೆದುಕೊಂಡಿರಲಿಲ್ಲ. ಮೂರನೇ ಪಂಕ್ತಿ ಮುಗಿಯುವಾಗ ರಸವೂ ಮುಗಿದಿರುತ್ತಿತ್ತು. ಪ್ರಾರ್ಥನೆ ಮಾಡಿದ ರಸವನ್ನು ಮೋರಿಗೆ ಚೆಲ್ಲಬಾರದು ಎಂಬುದು ಪದ್ಧತಿ. ಕ್ಯಾನಿಗೆ ಒಂದಿಷ್ಟು ನೀರು ಹಾಕಿ ಅಲುಗಾಡಿಸಿ ಆ ತೊಳೆದ ನೀರನ್ನು ಅವಳು ಕುಡಿಯುತ್ತಿದ್ದಳು. ಅದೇ ಅವಳ ಕರ್ತನ ಭೋಜನ. ಅದಕ್ಕೆ ಒಂದು ಬಟ್ಟಲೂ ಗೊತ್ತಾಗಿತ್ತು. ಅರವತ್ತರಲ್ಲಿ ಒಂದು ಯಾವಾಗಲೋ ಬಿದ್ದು ಹೊಟ್ಟೆಯ ಹತ್ತಿರ ನೆಗ್ಗಿತ್ತು. ದೇವರ ಮುಂದೆ ಮಂಡಿಯೂರಿದವರೂ ನೆಗ್ಗಿದ ಬಟ್ಟಲು ಬಿಟ್ಟು ಪಕ್ಕದ್ದನ್ನೇ ಎತ್ತಿಕೊಳ್ಳುತ್ತಾರೆ. ಪ್ರತಿ ಸಲವೂ ಅದು ಹಾಗೇ ತುಂಬಿಕೊಂಡು ವಾಪಸು ಬರುತ್ತಿತ್ತು. ಅದರ ರಸವನ್ನು ಮುಂದಿನ ಪಂಕ್ತಿಗೆ ಸುರಿದು, ಮೂರನೆಯದಕ್ಕೆ ಅದನ್ನು ತುಂಬದೆ ಉಳಿಸಿಕೊಂಡು, ಕೊನೆಗೆ ಅದರಲ್ಲೇ ತೊಳೆದ ನೀರು ಕುಡಿಯುತ್ತಿದ್ದಳು.

ಅವಳಿಗೊಂದು ಆಸೆಯಿತ್ತು, ದೊಡ್ಡದೇನಲ್ಲ. ಒಂದು ಸಲ, ಎಲ್ಲರ ಸಾಲಿನಲ್ಲಿ ಮಂಡಿಯೂರಿ, ಪಾಸ್ಟರ್ ಹಿಡಿದ ತಟ್ಟೆಯಿಂದ ತುಂಬಿದ ಬಟ್ಟಲು ತೆಗೆದುಕೊಂಡು, ತಾನೇ ಕುದಿಸಿದ ರಸವನ್ನು ನೀರು ಬೆರೆಯದೆ ಕುಡಿಯಬೇಕು. ಮನೆಯಲ್ಲಿ ಒಲೆಯ ಮುಂದೆ ಕುಡಿಯಬಹುದಲ್ಲ ಎಂದು ಯಾರಾದರೂ ಕೇಳಬಹುದು. ಒಲೆಯ ಮುಂದೆ ಸೌಟಿನಿಂದ ರುಚಿ ನೋಡುವುದು ಕೆಲಸ. ಕೂತಲ್ಲಿಗೆ ಯಾರೋ ತಂದುಕೊಡುವುದು ಊಟ. ಹೆಂಗಸರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ಈಸ್ಟರ್ ಬಂದ ತಿಂಗಳಲ್ಲಿ ಜನ ಜಾಸ್ತಿಯಾದರು. ಎರಡನೇ ಪಂಕ್ತಿಗೇ ರಸ ತಳ ಕಂಡಿತು. ಸುಧಾಕರ ಕೋಣೆಯೊಳಗೆ ತಲೆ ಹಾಕಿದ.

"ಪುತಳಾ, ಸಾಲಂಗಿಲ್ಲ. ಒಂದಿಷ್ಟು ಹಿಗ್ಗಸು."

ಹಿಗ್ಗಿಸುವುದು ಅವಳಿಗೆ ಹೊಸದಲ್ಲ. ಹೇಳದೆ ಕೇಳದೆ ನಾಲ್ವರು ಬಂದಾಗ ಸಾರು ಹಿಗ್ಗಿಸಿ, ಹಾಲು ಹಿಗ್ಗಿಸಿ, ಇಡೀ ಸಂಸಾರ ಹಿಗ್ಗಿಸಿದ ಕೈ ಅದು. ಆರಿದ ನೀರಿನ ಕ್ಯಾನು ಎತ್ತಿ ರಸಕ್ಕೆ ಸುರಿದಳು. ಮೂರನೇ ಪಂಕ್ತಿ ಮುಗಿದ ಮೇಲೆ ಪಕ್ಕದ ಓಣಿಯ ಕಾವೇರಿ ಹಿಂಬಾಗಿಲಿಗೆ ಬಂದು ನಿಂತಳು. ಅವಳು ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುವವಳು, ನೀರು ಎಷ್ಟು ಬಿದ್ದಿದೆ ಎಂದು ನಾಲಿಗೆಯಿಂದಲೇ ಹೇಳಬಲ್ಲವಳು.

"ಅಕ್ಕಾ, ಮೂರನೇ ಪಂಗ್ತಿಗಿ ಯೇಸು ಬಣ್ಣದ ನೀರೇ ಕುಡಸ್ತಾನೇನ್ರೀ?"

"ಯೇಸು ಅಲ್ಲವ್ವಾ, ನಾ ಕುಡಸ್ದೆ."

"ಮದಲನೇ ಪಂಗ್ತಿಗಿ ಒಂದ್ ಸಲ ಹಿಗ್ಗಸಿ ನೋಡ್ರಲ್ಲ, ಏನ್ ಅಂತಾರ ಕೇಳೂಣು" ಎಂದು ಕಾವೇರಿ ನಕ್ಕು ಹೋದಳು.

ಪುತಳಾಬಾಯಿ ನಗಲಿಲ್ಲ. ಆ ಮಾತು ಒಗೆದ ಬಟ್ಟೆಯಲ್ಲಿ ಉಳಿದ ಸೂಜಿಯ ಹಾಗೆ ಒಂದು ತಿಂಗಳು ಚುಚ್ಚುತ್ತಲೇ ಇತ್ತು.

ಮುಂದಿನ ತಿಂಗಳ ಕರ್ತನ ಭೋಜನಕ್ಕೆ ಒಂದು ವಾರ ಮೊದಲಿನ ಭಾನುವಾರ ಹೊಸ ಪಾಸ್ಟರ್ ಅಯ್ಯನವರು ಗಟ್ಟಿ ಪ್ರಸಂಗ ಮಾಡಿದರು. ಮೂವತ್ತೆರಡರ ಹುಡುಗ, ಬೀದರ ಕಡೆಯವರು, ಸೆಮಿನರಿಯ ಬಿಸಿ ಇನ್ನೂ ಆರಿರಲಿಲ್ಲ. ಯೋಗ್ಯತೆ ಇಲ್ಲದೆ ಬಟ್ಟಲಿಗೆ ತುಟಿ ಇಟ್ಟರೆ ಆ ಬಟ್ಟಲೇ ನಿನ್ನ ಮೇಲೆ ಸಾಕ್ಷಿ ಹೇಳುತ್ತದೆ, ಎಂದು ಮೇಜು ಕುಟ್ಟಿದರು. ಆಮೇಲೆ ದನಿ ಇಳಿಸಿ, ಇಷ್ಟು ವರ್ಷ ರಸದ ಸೇವೆ ಮಾಡಿದ ಸುಧಾಕರಣ್ಣನವರಿಗೆ ಶಾಲು ಹೊದಿಸಿದರು. ಬರುವ ವಾರ ಬಟ್ಟಲುಗಳಿಗೆ ಅವರೇ ತಮ್ಮ ಕೈಯಿಂದ ರಸ ತುಂಬಲಿ ಎಂದೂ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪುತಳಾಬಾಯಿಯೂ ತಟ್ಟಿದಳು, ಕೈಯಲ್ಲಿ ಒರೆಸುವ ಬಟ್ಟೆ ಇದ್ದುದರಿಂದ ಸದ್ದಾಗಲಿಲ್ಲ.

ಮರುವಾರ, ಕರ್ತನ ಭೋಜನದ ಭಾನುವಾರ, ಅವಳು ಬಿಳಿ ಬಟ್ಟೆ ಹಾಸಿ ಹಿಂದಿನ ಕೋಣೆಗೆ ಬರುವುದರೊಳಗೆ ಸುಧಾಕರ ತುಂಬಿ ಮುಗಿಸಿದ್ದ. ಕೋಣೆಯಲ್ಲಿ ಕತ್ತಲೆ. ಶಾಲು ಹೊದ್ದ ಮೇಲೆ ಅವನು ಕನ್ನಡಕ ಹಾಕಿಕೊಳ್ಳುವುದು ಬಿಟ್ಟಿದ್ದ, ಫೋಟೋದಲ್ಲಿ ಚಂದ ಕಾಣುವುದಿಲ್ಲವಂತೆ. ಎರಡೂ ಕ್ಯಾನು ಅವರ ಮದುವೆಯಲ್ಲಿ ಬಂದ ಜೋಡಿ, ಒಂದೇ ಅಳತೆ. ಬಾಯಿಗೆ ಬಟ್ಟೆ ಕಟ್ಟಿದ್ದನ್ನು ಬಿಚ್ಚುವ ತೊಂದರೆ ಯಾಕೆಂದು ಅವನು ಕಟ್ಟದೆ ಇದ್ದ ಕ್ಯಾನನ್ನೇ ಎತ್ತಿಕೊಂಡಿದ್ದ. ಸ್ಟೀಲಿನ ಸಣ್ಣ ಬಟ್ಟಲಿನ ತಳದಲ್ಲಿ ನೀರೂ ಕಪ್ಪಾಗಿಯೇ ಕಾಣುತ್ತದೆ.

ಅವಳ ಕಣ್ಣು ಮೊದಲು ಹೋದದ್ದು ಬಟ್ಟೆ ಬಿಚ್ಚದ ರಸದ ಕ್ಯಾನಿನ ಮೇಲೆ. ಆಮೇಲೆ ತುಂಬಿದ ಅರವತ್ತು ಬಟ್ಟಲಿನ ಮೇಲೆ. "ರೀ" ಎಂದು ಬಾಯಿ ತೆರೆದಳು.

"ನೋಡಿದಿ?" ಎಂದ ಸುಧಾಕರ, ಶಾಲು ಸರಿಮಾಡಿಕೊಳ್ಳುತ್ತ. "ಒಂದ್ ಹನಿ ಚೆಲ್ಲಿಲ್ಲ. ತಿಂಗಳಾ ತಿಂಗಳಾ ಸೊಂಟ ಹಿಡೀತು, ಕೈ ಹಿಡೀತು ಅಂತಿದ್ದಿ. ಇದರಾಗ ಏನ್ ದೊಡ್ಡ ವಿದ್ಯಾ ಅದ?"

ಅವಳು ತೆರೆದ ಬಾಯಿ ಮುಚ್ಚಿದಳು. ತಟ್ಟೆಯ ಮೇಲೆ ಬಿಳಿ ಬಟ್ಟೆ ಹೊದಿಸಿ ಮುಂದಕ್ಕೆ ಸರಿಸಿದಳು. "ಒಯ್ರಿ" ಎಂದಳು.

ಆಮೇಲೆ ಬಾಗಿಲ ಸಂದಿಗೆ ಕಣ್ಣು ಹಚ್ಚಿ ನಿಂತಳು. ಪಾಸ್ಟರ್ ಮೊದಲು ಕುಡಿದರು. ಅವರ ಹುಬ್ಬು ಮೇಲೆ ಹೋಗಿ ಅಲ್ಲೇ ನಿಂತುಕೊಂಡಿತು. ಬಟ್ಟಲಿನೊಳಗೆ ಒಮ್ಮೆ ನೋಡಿದರು, ಮೇಲೆ ಒಮ್ಮೆ ನೋಡಿದರು, ನುಂಗಿದರು. ಮುಂದುವರಿಸಿದರು. ಕಮಿಟಿಯ ಗುಂಡಣ್ಣ ಮಾಸ್ತರರು ಕುಡಿದು ತಲೆ ಎತ್ತದೆ ಕಣ್ಣಿನ ತುದಿಯಿಂದ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಎಡಬಲದವರು ಭಕ್ತಿಯಿಂದ ಕಣ್ಣು ಮುಚ್ಚಿದ್ದರು, ಯಾಕೆಂದರೆ ಅವರೂ ಆಗತಾನೇ ನೋಡಿ ಮುಗಿಸಿದ್ದರು. ಕಮಿಟಿಯವನೇ ಆದ ಭೀಮಶಾನ ಗಂಟಲುಮಣಿ ಮೇಲೇರಿದ್ದು ಕೆಳಗಿಳಿಯಲಿಲ್ಲ. ಕಮಿಟಿಯ ಮನೆಯ ಹೆಂಗಸರು ಕುಡಿದು ನೇರವಾಗಿ ತಮ್ಮ ತಮ್ಮ ಗಂಡಂದಿರ ಮುಖ ನೋಡಿದರು. ಸುಧಾಕರ ಎಲ್ಲರಿಗಿಂತ ಕೊನೆಗೆ ಕುಡಿದ. ಅವನ ಭುಜದ ಶಾಲು ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ.

 ಆಮೆನ್ ಅಂದು ಎಂದಿಗಿಂತ ಜೋರಾಗಿ ಬಂತು.

ಎರಡನೇ, ಮೂರನೇ ಪಂಕ್ತಿಗೆ ಪುತಳಾಬಾಯಿ ತಾನೇ ತುಂಬಿದಳು. ಒಂದು ಪಂಕ್ತಿಯ ರಸ ಉಳಿದಿತ್ತಲ್ಲ, ಒಂದು ಹನಿ ನೀರೂ ತಾಕಿಸಲಿಲ್ಲ. ಕೊನೆಯ ತಟ್ಟೆ ಖಾಲಿಯಾಗಿ ಬಂತು. ನೆಗ್ಗಿದ ಬಟ್ಟಲು ಒಂದೇ ತುಂಬಿಕೊಂಡು ನಿಂತಿತ್ತು. ಕಪ್ಪುಗೆಂಪು, ದಪ್ಪ, ಬಟ್ಟಲು ಓರೆ ಮಾಡಿದರೆ ಅಂಚಿಗೆ ಅಂಟಿಕೊಂಡು ನಿಧಾನ ಇಳಿಯುವಂಥದ್ದು. ಇವತ್ತು ಅಯ್ಯನವರನ್ನು ಕರೆದು, ನನಗೂ ಒಂದು ಪ್ರಾರ್ಥನೆ ಮಾಡಿ ಕೊಡ್ರಿ, ಅಂತ ಕೇಳಿಬಿಡಲೇ ಎಂದು ಅವಳು ಅದನ್ನು ಕೈಯಲ್ಲಿ ಹಿಡಿದು ಯೋಚಿಸುತ್ತಿದ್ದಾಗ ಸುಧಾಕರ ಬಿರುಗಾಳಿಯ ಹಾಗೆ ಒಳಗೆ ಬಂದ.

"ಅದರಾಗ ಏನದ?" ಎಂದವನೇ ಕಸಿದುಕೊಂಡು ಗಟಗಟ ಕುಡಿದ. ಬಾಯಿ ಚಪ್ಪರಿಸಿದ. ಅವನ ಮುಖ ಬಿಳಿ ಅಂಗಿಗಿಂತ ಬಿಳಿಯಾಯಿತು. "ರಸ" ಎಂದ ಸಣ್ಣ ದನಿಯಲ್ಲಿ.

"ಮತ್ತೇನ್ ಇರ್ತದ್ರೀ?" ಎಂದಳು ಪುತಳಾಬಾಯಿ, ಖಾಲಿ ಬಟ್ಟಲು ನೋಡುತ್ತ.

ಹೊರಗೆ ಬೇವಿನ ಗಿಡದ ಕೆಳಗೆ ಕಾವೇರಿ ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು: "ಇವತ್ತಿನ ರಸ ಏನ್ ರಸರೀ ಯವ್ವಾ! ತುಟಿಗಿ ತುಟಿ ಅಂಟಾಕತ್ತದ!" ಕಮಿಟಿಯವರು ಅದನ್ನು ಕೇಳಿದರು. ಒಬ್ಬರ ಮುಖ ಒಬ್ಬರು ನೋಡದೆ ಬೇಗ ಬೇಗ ಮನೆಗೆ ಹೋದರು. ಇಡೀ ಸಭೆಗೆ ರಸ, ನನ್ನೊಬ್ಬನಿಗೆ ಮಾತ್ರ ನೀರು, ಎಂದು ಪ್ರತಿಯೊಬ್ಬನಿಗೂ ಖಾತ್ರಿಯಾಗಿತ್ತು.

ಆ ವಾರ ಚರ್ಚಿಗೆ ಒಂದು ಟೇಬಲ್ ಫ್ಯಾನು ವಾಪಸು ಬಂತು. ರಿಪೇರಿಗೆಂದು ಗುಂಡಣ್ಣ ಮಾಸ್ತರರು ಮೂರು ವರ್ಷದ ಹಿಂದೆ ಮನೆಗೆ ಒಯ್ದದ್ದು. ಹೊಸ ಬಣ್ಣ ಬಳಿದು ತಂದಿದ್ದರು. ಭೀಮಶಾ ಮಾತು ಬಿಟ್ಟಿದ್ದ ತಮ್ಮನ ಮನೆಗೆ ತಾನೇ ಹೋಗಿ, ಕರೆಯದೆಯೇ ಊಟಕ್ಕೆ ಕೂತನಂತೆ. ಇಬ್ಬರೂ ಬೇರೆ ಬೇರೆ ದಿನ, ಬೇರೆ ಬೇರೆ ನೆವ ಹೇಳಿ ಪುತಳಾಬಾಯಿಯ ಅಂಗಳಕ್ಕೂ ಬಂದರು.

"ಪುತಳಾಬಾಯಿ ವೈನಿ, ಹಿಂಗ ಕೇಳ್ತೇನಿ ಅಂತ ತಪ್ಪ ತಿಳೀಬ್ಯಾಡ್ರಿ" ಎಂದರು ಗುಂಡಣ್ಣ ಮಾಸ್ತರರು. "ತೊಳದಾಗ ಒಂದೊಂದ್ ಬಟ್ಟಲದಾಗ ನೀರ್ ಉಳ್ಯೋದು ಏನಾರ..."

"ನಾ ಒರಸೇ ಇಡ್ತೇನ್ರೀ ಮಾಸ್ತರ. ಯಾಕ್ರೀ, ನಿಮ್ಮ ಬಟ್ಟಲದಾಗ ಏನಾರ ಇತ್ತೇನ್ರೀ?"

"ಛೇ ಛೇ. ನನ್ನದರಾಗ ರಸಾನೇ ಇತ್ತು. ಭಾಳ ಛಲೋ ರಸ."

ಭೀಮಶಾ ಇನ್ನೂ ಸುತ್ತು ಬಳಸಿ ಬಂದ. ಪಾಪ ಮಾಡಿದವರ ಬಾಯಿ ರುಚಿ ಕೆಡುವುದುಂಟೇ, ಅವರಿಗೆ ಸಿಹಿ ಸಪ್ಪೆ ಅನಿಸುವುದುಂಟೇ, ಎಂದು ಕೇಳಿದ.

"ನನಗೇನ್ ಗೊತ್ರೀ ಅಣ್ಣಾ, ನಾ ಬಟ್ಟಲಾ ತೊಳಿಯಾಕಿ" ಎಂದಳು.

ಸುಧಾಕರನ ಸ್ಥಿತಿ ಇವರಿಬ್ಬರಿಗಿಂತ ಗಂಭೀರ. ಅವನ ಕೈಯಿಂದಲೇ ತುಂಬಿದ ರಸ ಅವನ ಬಾಯಿಗೆ ಬರುವಷ್ಟರಲ್ಲಿ ನೀರಾಗಿತ್ತು. ಅದೇ ರಸ ಹೆಂಡತಿಯ ಕೈಯಲ್ಲಿ ರಸವಾಗಿಯೇ ಉಳಿದಿತ್ತು. ಅವನು ಮೂರು ದಿನ ತನ್ನ ಜೀವಮಾನವನ್ನೆಲ್ಲ ಹುಡುಕಿದ. ನಾಲ್ಕನೆಯ ದಿನ ಬೆಳಿಗ್ಗೆ ಅವಳು ಏಳುವಾಗ ಅಂಗಳದಲ್ಲಿ ಸದ್ದು ಕೇಳಿತು. ಸುಧಾಕರ ಡ್ರಮ್ಮು ತುಂಬುತ್ತಿದ್ದ. ಐದನೆಯ ದಿನ ತಾನು ಉಂಡ ತಾಟು ತಾನೇ ತೊಳೆದ, ಹಿಂಬದಿ ತೊಳೆಯುವುದನ್ನು ಮರೆತಿದ್ದ, ಆದರೂ ತೊಳೆದ. ಆರನೆಯ ದಿನ "ನೀ ಉಂಡಿ?" ಎಂದು ಕೇಳಿದ. ಮದುವೆಯಾಗಿ ಮೂವತ್ತೊಂಬತ್ತು ವರ್ಷಕ್ಕೆ ಬಂದ ಪ್ರಶ್ನೆ ಅದು.  ಒಂದು ಗಳಿಗೆ ಅವಳಿಗೆ ನಿಜ ಹೇಳಿಬಿಡಬೇಕೆನಿಸಿತು. ಮತ್ತೆ ಡ್ರಮ್ಮು ನೆನಪಾಗಿ ಸುಮ್ಮನಾದಳು.

ಅವಳು ದೇವರಿಗೆ ಅಂಜದವಳಲ್ಲ. ಆ ತಿಂಗಳೆಲ್ಲ ಮಲಗುವಾಗ ಒಂದೇ ಪ್ರಾರ್ಥನೆ ಮಾಡಿದಳು: "ಯಪ್ಪಾ, ನಾ ಸುಳ್ಳಂತೂ ಹೇಳಿಲ್ಲ. ಯಾರೂ ಸರಿಯಾದ ಪ್ರಶ್ನೆ ಕೇಳವಲ್ರು."

ಮುಂದಿನ ಮೊದಲ ಭಾನುವಾರ ಕಲಬುರಗಿಯ ಚರ್ಚಿಗೆ ಬಿಷಪ್ ಅಯ್ಯನವರು ಬರುವವರಿದ್ದರು, ಬಟ್ಟಲು ಬ್ರೆಡ್ಡು ಎಲ್ಲ ಅವರ ಕಡೆಯಿಂದಲೇ. ಪಾಸ್ಟರಿಗೆ ಅವತ್ತು ಕಮಲಾಪುರದ ಸಣ್ಣ ಸಭೆಯ ಪಾಳಿ. ವರ್ಷಕ್ಕೆ ಮೂರೋ ನಾಲ್ಕೋ ಸಲ ಅಲ್ಲಿ ಕರ್ತನ ಭೋಜನ ಆಗುತ್ತಿತ್ತು. ಪ್ರತಿ ಸಲವೂ ರಸದ ಜೊತೆ ಸುಧಾಕರ ಒಬ್ಬನೇ ಪಾಸ್ಟರ ಬೈಕಿನ ಹಿಂದೆ ಕೂತು ಹೋಗುತ್ತಿದ್ದ. ಪುತಳಾಬಾಯಿ ತನ್ನ ತವರಿನ ಆ ಚರ್ಚಿಗೆ ರಸ ಕಳಿಸಿದ್ದಳೇ ಹೊರತು ಕಾಲಿಟ್ಟು ಎಷ್ಟೋ ವರ್ಷವಾಗಿತ್ತು.

"ಈ ಸಲ ನೀನೂ ಬಾ" ಎಂದ ಸುಧಾಕರ. "ಬಸ್ಸಿಗಿ ಹೋಗೂಣು. ನೀನೇ ತುಂಬು. ನಾ ಕ್ಯಾನ್ ಹಿಡ್ಕೊಂಡ್ ಕೂಡ್ತೇನಿ, ಅಷ್ಟೇ."

ಮೂವತ್ತು ಬಟ್ಟಲು ಕಟ್ಟಿಕೊಂಡಳು. ಅಲ್ಲಿ ಇಪ್ಪತ್ತೈದರ ಮೇಲೆ ಜನ ಆಗುವುದಿಲ್ಲ, ನಡುವೆ ತೊಳೆಯುವ ಮಾತೇ ಇಲ್ಲ. ಇದು ಹೊಳೆದಾಗ ಅವಳ ಕೈ ಒಂದು ಕ್ಷಣ ನಿಂತಿತು. ನೆಗ್ಗಿದ ಬಟ್ಟಲನ್ನು ಮೊದಲು ಬದಿಗಿಟ್ಟಿದ್ದಳು, ಹಿಂದಿರುಗಿ ಬಂದು ಅದನ್ನೂ ಚೀಲದೊಳಗೆ ಹಾಕಿಕೊಂಡಳು.

ಬಸ್ಸು ತುಂಬಿತ್ತು. ಸುಧಾಕರನ ಪಕ್ಕಕ್ಕೆ ಕಮಲಾಪುರದ ಸಕೀನಾ ಕೂತಿದ್ದಳು, ಕೆಂಪು ಬಾಳೆಹಣ್ಣು ಮಾರುವವಳು, ಕಾಲ ಹತ್ತಿರ ಖಾಲಿ ಬುಟ್ಟಿ. ಪುತಳಾಬಾಯಿಗೆ ಮುಂದಿನ ಸೀಟು ಸಿಕ್ಕಿತು. ಊರು ದಾಟಿದ ಮೇಲೆ ಸುಧಾಕರನಿಗೆ ಸಂಕಟ ಶುರುವಾಯಿತು. ಕ್ಯಾನು ತನ್ನ ತೊಡೆಯ ಮೇಲಿದೆ, ತನ್ನ ಕೈ ಅದರ ಮೇಲಿದೆ. ಒಳಗೆ ಈಗ ಏನಿರಬಹುದು? ಕಮಲಾಪುರಕ್ಕೆ ಇನ್ನೇನು ಎರಡು ಕಿಲೋಮೀಟರ್ ಇದೆ ಅನ್ನುವಾಗ ಅವನಿಂದ ತಡೆಯಲಾಗಲಿಲ್ಲ. ಬಟ್ಟೆ ಬಿಚ್ಚಿ, ಮುಚ್ಚಳ ತೆಗೆದು, ಒಳಗೆ ಮುಖ ಹಾಕಿ ನೋಡಿದ. ರಸವೇ ಇತ್ತು! "ಸ್ತೋತ್ರ" ಎಂದು ಅವನು ಅನ್ನುವುದಕ್ಕೂ ಬಸ್ಸು ಸ್ಪೀಡ್ ಬ್ರೇಕರ್ ಹಾರುವುದಕ್ಕೂ ಸರಿಹೋಯಿತು.

"ಅರೇ ಭಾಯಿ! ಯೇ ಕ್ಯಾ ಕರೇ ತುಮ್!" ಸಕೀನಾ ಎದ್ದು ನಿಂತಳು. "ನನ್ನ ಬುಟ್ಟಿ, ನನ್ನ ಸೀರಿ! ಶರಬತ್ತೇನ್ರೀ ಇದು?"

ಪುತಳಾಬಾಯಿ ತಿರುಗಿ ನೋಡಿದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಗದ್ದದಿಂದ ಮೊಣಕಾಲಿನವರೆಗೆ ಕರಿ ಮನೂಕದ ರಸ. ಬೆಳಗಿನ ನಾಲ್ಕರಿಂದ ಆರರವರೆಗಿನ ತನ್ನ ಜೀವ ಬಸ್ಸಿನ ತಗಡಿನ ಮೇಲೆ ಹರಿದು ಹೋಗುತ್ತಿರುವುದನ್ನು ಅವಳು ನೋಡಿದಳು.

"ರಸ ಅದ ಇಲ್ಲ ಅಂತ ನೋಡಾಕತ್ತಿದ್ದೆ" ಎಂದ ಸುಧಾಕರ, ಅಳುವ ದನಿಯಲ್ಲಿ.

"ಈಗ ಖಾತ್ರಿ ಆಯ್ತಿಲ್ರೀ?" ಎಂದಳು. ಸೆರಗಿನಿಂದ ಸಕೀನಾಳ ಬುಟ್ಟಿ ಒರೆಸಿಕೊಟ್ಟಳು.

ಕಮಲಾಪುರದ ಚರ್ಚು ಎಂದರೆ ತಗಡಿನ ಮಾಡಿನ ಒಂದು ಹಾಲು, ಮುಂದೆ ಕೈಪಂಪು. ಪಾಸ್ಟರ್ ಬೈಕಿನಲ್ಲಿ ಮೊದಲೇ ಬಂದಿದ್ದರು. ಒಂದು ತಿಂಗಳಲ್ಲಿ ಇಳಿದುಹೋಗಿದ್ದರು, ಗಡ್ಡ ಬಂದಿತ್ತು. ಒಳಗೆ ಇಪ್ಪತ್ನಾಲ್ಕು ಮಂದಿ ಹಾಡಲು ಶುರುಮಾಡಿಯಾಗಿತ್ತು. ಸುಧಾಕರ ಅಂಗಿ ತೊಳೆದುಕೊಳ್ಳಲು ಹಿತ್ತಲಿಗೆ ಹೋದ. ಖಾಲಿ ಕ್ಯಾನು ನೋಡಿ ಪಾಸ್ಟರ್ ತಲೆಯ ಮೇಲೆ ಕೈ ಇಟ್ಟುಕೊಂಡರು.

"ಈಗೇನ್ ಮಾಡೋದಮ್ಮಾ? ಮನೂಕ ತಂದು ಕುದಸ್ಬೇಕಂದ್ರ..."

"ಎರಡು ತಾಸು ಬೇಕ್ರೀ. ಅಷ್ಟು ಹೊತ್ತು ಹಾಡಿದ್ರ ಮಂದಿ ಗಂಟಲು ಹೋಗ್ತದ. ನೀರಿಂದ ಮಾಡ್ರಿ."

ಪಾಸ್ಟರ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. "ನೀರು... ನೀರು ಹೆಂಗ ನಡೀತದಮ್ಮಾ?"

"ಹ್ವಾದ ತಿಂಗಳು ನಡೀತಲ್ರೀ."

ಅವರು ಅವಳನ್ನೇ ನೋಡಿದರು. ಅವಳು ಕ್ಯಾನಿನ ಹಿಡಿಕೆಯನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಯಾರ ಬಟ್ಟಲದಾಗ?" ಎಂದು ಕೇಳಿದರು, ಮೆಲ್ಲಗೆ.

"ಮದಲನೇ ಪಂಗ್ತಿ ಎಲ್ಲಾ ಮಂದಿದೂ. ಮನಿಯವರು ಕ್ಯಾನ್ ಅದಲುಬದಲು ಮಾಡ್ಕೊಂಡಿದ್ರು."

ಪಾಸ್ಟರ್ ಪಂಪಿನ ಕಟ್ಟೆಯ ಮೇಲೆ ಕುಸಿದು ಕೂತರು. ಮೊದಲು ಅತ್ತರೋ ನಕ್ಕರೋ ಗೊತ್ತಾಗಲಿಲ್ಲ, ಕೊನೆಗೆ ನಗುವೆಂದೇ ಖಚಿತವಾಯಿತು. "ನಾ ಒಬ್ಬಾಂವನೇ ಅನ್ಕೊಂಡಿದ್ದೆನಮ್ಮಾ. ಸೇವಾನೇ ಬಿಟ್ಟುಬಿಡ್ಲೇನು ಅಂತ ಬಿಷಪ್ಪರಿಗಿ ಪತ್ರ ಬರದು ಹರದೀನಿ. ನಿಮಗ ಗೊತ್ತಿತ್ತು, ಯಾಕ ಹೇಳ್ಲಿಲ್ಲ?"

"ನೀವ್ಯಾಕ ಹೇಳ್ಲಿಲ್ರೀ?"

ಪಾಸ್ಟರ್ ಕಣ್ಣು ಒರೆಸಿಕೊಂಡರು. ತಮಗೆ ತಾವೇ ಅನ್ನುವ ಹಾಗೆ, "ಬಹಳ ಹಿಂದಿನ ಕಾಲದಾಗ ಕೆಲವು ಸಭೆಯವರು ನೀರಿಂದಾನೇ ಕರ್ತನ ಭೋಜನ ಮಾಡ್ತಿದ್ರಂತ. ಸೆಮಿನರಿಯಾಗ ಓದೀನಿ. ದೊಡ್ಡ ದೊಡ್ಡ ಹಿರಿಯರು ಅದು ತಪ್ಪು ಅಂತ ಬರದಾರ" ಎಂದರು.

"ಅವರ ಬಟ್ಟಲಾ ಯಾರ್ ತೊಳೀತಿದ್ರಂತ್ರೀ?"

"ಅದನ್ನ ಬರದಿಲ್ಲಮ್ಮಾ."

"ಹಂಗಾದ್ರ ಪೂರಾ ಬರದಿಲ್ಲ ಬಿಡ್ರಿ."

ಪಾಸ್ಟರ್ ಎದ್ದು ಧೂಳು ಕೊಡವಿಕೊಂಡರು. "ಆಗ್ಲಿ. ನೀರೇ ಇರ್ಲಿ, ನಾ ಎಲ್ಲಾರಿಗಿ ಬಿಡಿಸಿ ಹೇಳಿ ಮಾಡ್ತೇನಿ. ಮುಚ್ಚಿಟ್ಟು ಸಾಕಾಗ್ಯದ. ಸುಧಾಕರಣ್ಣಗೂ ಹ್ವಾದ ತಿಂಗಳಿಂದು ಹೇಳಿಬಿಡೂಣೇನು?"

"ಅದನ್ನ ಇನ್ನೊಂದೀಟು ದಿನ ಬಿಡ್ರಿ" ಎಂದಳು. "ಡ್ರಮ್ ತುಂಬಾಕತ್ತಾರ."

ಪಾಸ್ಟರ್ ನಗು ನುಂಗಿಕೊಂಡರು. ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಅಮ್ಮಾ, ಇವತ್ತು ನೀವು ಹಿಂದ ನಿಂದರಬ್ಯಾಡ್ರಿ. ಮುಂದ ಬಂದು ಸಾಲಿನಾಗ ಮೊಳಕಾಲೂರ್ರಿ. ಬಟ್ಟಲಾ ಎಲ್ಲಾರಿಗೂ ಅವ. ತೊಳಿಯೋದು ಆಮ್ಯಾಲ ಯಾರಾರ ತೊಳೀತಾರ."

ಅವರು ಒಳಗೆ ಹೋದರು. ಹಾಡು ನಿಂತು, ಅವರು ಮಾತಾಡುವ ದನಿ ಶುರುವಾಯಿತು.

ಪಂಪಿನ ಹತ್ತಿರ ಪುತಳಾಬಾಯಿ ಒಬ್ಬಳೇ ಉಳಿದಳು. ಕಟ್ಟೆಯ ಮೇಲೆ ತಟ್ಟೆ ಇಟ್ಟು ಬಟ್ಟಲು ಜೋಡಿಸಿದಳು, ಪಾಸ್ಟರ್ ಮತ್ತು ತಾವಿಬ್ಬರೂ ಸೇರಿ ಇಪ್ಪತ್ತೇಳು. ಕ್ಯಾನು ಜಾಲಾಡಬೇಕೆಂದು ಎತ್ತಿ ಓರೆ ಮಾಡಿದಳು. ತಳದ ಮೂಲೆಯಲ್ಲಿ ಕಪ್ಪಗೆ ಏನೋ ಸರಿಯಿತು. ಪೂರ್ತಿ ಚೆಲ್ಲಿರಲಿಲ್ಲ. ಒಂದು ಬಟ್ಟಲಿಗಾಗುವಷ್ಟು ರಸ ಉಳಿದಿತ್ತು, ಸರಿಯಾಗಿ ಒಂದಕ್ಕೆ.

ಪಾಸ್ಟರಿಗೆ ಕೊಡಬಹುದು. ಪಾಪ, ಒಂದು ತಿಂಗಳು ನಿದ್ದೆಯಿಲ್ಲ. ಆದರೆ ಅವರು ಅದರ ಮೇಲೆ ಇನ್ನೊಂದು ಪ್ರಸಂಗ ಮಾಡುತ್ತಾರೆ. ಸುಧಾಕರನ ಬಟ್ಟಲಿಗೆ ಹಾಕಬಹುದು. ಎಲ್ಲರಿಗೂ ನೀರು, ತನಗೊಬ್ಬನಿಗೆ ರಸ ಎಂದು ಗೊತ್ತಾದರೆ ಅವನು ಕ್ಷಮೆ ಸಿಕ್ಕಿತೆಂದು ಕುಣಿಯುತ್ತಾನೆ, ನಾಳೆಯಿಂದ ಡ್ರಮ್ಮಿನ ಹತ್ತಿರ ಸುಳಿಯುವುದಿಲ್ಲ, ಒಂದು ವಾರದಲ್ಲಿ ಸಂತನಾಗುತ್ತಾನೆ, ಸಂತನ ಬಟ್ಟೆಗೆ ಇಸ್ತ್ರಿ ಮಾಡುವವರು ಯಾರು? ಅವಳಿಗೆ ನಗು ಬಂತು.

ಹಾಗಾದರೆ ಎಲ್ಲರಿಗೂ ಹಂಚಬೇಕು. ಕ್ಯಾನಿಗೆ ನೀರು ತುಂಬಿ ಅಲುಗಾಡಿಸಿದರೆ ಇಪ್ಪತ್ತೇಳು ಬಟ್ಟಲಿಗೂ ಒಂದಿಷ್ಟು ಬಣ್ಣ ಬರುತ್ತದೆ. ಅವಳು ಯೋಚಿಸುವ ಮೊದಲೇ ಬಲಗೈ ಪಂಪಿನ ಹಿಡಿಕೆಗೆ ಹೋಗಿತ್ತು, ಎಡಗೈ ಕ್ಯಾನನ್ನು ಅದರ ಬಾಯಿಗೆ ಹಿಡಿದಿತ್ತು. ನಲವತ್ತು ವರ್ಷ ಹಿಗ್ಗಿಸಿದ ಕೈಗಳು. ಅವಕ್ಕೆ ಯಾರೂ ಹೇಳಬೇಕಾಗಿಲ್ಲ.

ಅವಳು ತನ್ನ ಕೈಗಳನ್ನು ನೋಡಿದಳು. ಹಿಡಿಕೆ ಬಿಟ್ಟಳು. ಕ್ಯಾನನ್ನು ಪಂಪಿನ ಬಾಯಿಯಿಂದ ಹಿಂದೆ ತೆಗೆದಳು.

ಸಾಲಿನ ಕೊನೆಯಲ್ಲಿ ನೆಗ್ಗಿದ ಬಟ್ಟಲಿತ್ತು. ಅದನ್ನು ಹತ್ತಿರ ಎಳೆದು, ಕ್ಯಾನು ಪೂರ್ತಿ ಬೋರಲು ಮಾಡಿ, ತಳ ತಟ್ಟಿ ತಟ್ಟಿ ಕೊನೆಯ ಹನಿಯವರೆಗೂ ಅದಕ್ಕೇ ಸುರಿದಳು. ಅಂಚಿಗೆ ಬಂದು ನಿಂತಿತು. ಉಳಿದ ಇಪ್ಪತ್ತಾರಕ್ಕೆ ಪಂಪು ಒತ್ತಿ ನೀರು ತುಂಬಿದಳು. ನೆಗ್ಗಿದ್ದನ್ನು ಯಾರೂ ಮುಟ್ಟುವುದಿಲ್ಲವೆಂದು ಗೊತ್ತಿದ್ದರೂ ತಟ್ಟೆಯ ಮೂಲೆಗೆ, ತಾನು ಕೂರುವ ಬದಿಗೆ ಬರುವಂತೆ ಇಟ್ಟು, ಮೇಲೆ ಬಿಳಿ ಬಟ್ಟೆ ಹೊದಿಸಿದಳು.

ಹಿತ್ತಲಿನಿಂದ ಒದ್ದೆ ಅಂಗಿಯಲ್ಲಿ ಸುಧಾಕರ ಕೂಗಿದ: "ಆಯ್ತೇನ?"

"ಆಯ್ತು" ಎಂದಳು ಪುತಳಾಬಾಯಿ. ಖಾಲಿ ಕ್ಯಾನನ್ನು ತೊಳೆಯದೆ ಅಲ್ಲೇ ಕಟ್ಟೆಯ ಮೇಲೆ ಬಿಟ್ಟು, ತಟ್ಟೆ ಎತ್ತಿಕೊಂಡು ಮುಂದಿನ ಬಾಗಿಲಿನಿಂದ ಒಳಗೆ ನಡೆದಳು.